ಮನೆಯಿಂದ ಟಾರು ರಸ್ತೆಯವರೆಗಿನ ಖರ್ಚು

ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ವರ್ಷಕ್ಕೆ 660 ರೂಪಾಯಿಗೆ ಒಂದು ರಿಯಾಯಿತಿ ಪಾಸು ಕೊಡುತ್ತದೆ. ಆ ಪಾಸು ಇದ್ದವರು ತಮ್ಮ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯೊಳಗೆ ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ವರ್ಷವಿಡೀ ಓಡಾಡಬಹುದು. ಅಂಧರಿಗೆ ಪಾಸು ಉಚಿತ. ಉಳಿದವರಿಗೆ ತಿಂಗಳಿಗೆ 55 ರೂಪಾಯಿಯ ಲೆಕ್ಕವಾಯಿತು. ಬಯಲುಸೀಮೆಯ ಯಾವುದಾದರೂ ತಾಲೂಕು ಕೇಂದ್ರದಲ್ಲಿದ್ದು ದಿನವೂ ಕೆಲಸಕ್ಕೆ ಹೋಗಿಬರುವ ಒಬ್ಬ ಅಂಗವಿಕಲನ ಪಾಲಿಗೆ ಇದು ಸಣ್ಣ ಸಹಾಯವಲ್ಲ. ಸಂಬಳದ ಒಂದು ಭಾಗವೇ ಉಳಿದಂತೆ. ಈ ಯೋಜನೆಯ ಬಗ್ಗೆ ನನಗೆ ಗೌರವವಿದೆ, ಮತ್ತು ಮುಂದೆ ಬರೆಯುವುದನ್ನೆಲ್ಲ ಆ ಗೌರವವನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನಾನಿರುವುದು ಮಲೆನಾಡಿನಲ್ಲಿ, ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ಒಂದು ಹಳ್ಳಿಯಲ್ಲಿ. ಮಗುವಾಗಿದ್ದಾಗ ಬಂದ ಪೋಲಿಯೊದಿಂದ ಎಡಗಾಲಿನ ಶಕ್ತಿ ಹೋಗಿದೆ, ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಪಟ್ಟಿ ಕಟ್ಟಿಕೊಂಡು ಒಂದು ಊರುಗೋಲಿನ ಆಧಾರದಲ್ಲಿ ನಡೆಯುತ್ತೇನೆ. ಸಹಕಾರಿ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿರುವುದರಿಂದ ಅರ್ಜಿ ಬರೆಸಿಕೊಳ್ಳಲು ಬರುವವರ ಪರಿಚಯ ನನಗೆ ಹೆಚ್ಚು. ಪಿಂಚಣಿ, ಗುರುತಿನ ಚೀಟಿ, ಬಸ್ ಪಾಸು ಎಂದು ಕಾಗದ ಹಿಡಿದು ಬಂದವರ ಜೊತೆ ಕೂತು ಮಾತನಾಡುತ್ತಾ ಹೋದಂತೆ ನನಗೆ ಒಂದು ಮಾತು ಸ್ಪಷ್ಟವಾಗಿದೆ. ಅಂಗವಿಕಲರ ಪ್ರಯಾಣಕ್ಕೆಂದು ಸರ್ಕಾರ ಎಲ್ಲಿ ಹಣ ಕೊಡುತ್ತದೆಯೋ ಅಲ್ಲಿ ಮಲೆನಾಡಿನವರಿಗೆ ಖರ್ಚು ಕಡಿಮೆ. ಎಲ್ಲಿ ನಿಜವಾದ ಖರ್ಚಿದೆಯೋ ಅಲ್ಲಿ ಸರ್ಕಾರದ ಹಣ ಬರುವುದಿಲ್ಲ.

ಮೊದಲನೆಯದು ಬಸ್ಸಿನ ವಿಷಯ. ಶಿವಮೊಗ್ಗದಿಂದ ಸಾಗರಕ್ಕೆ, ಬೆಂಗಳೂರಿಗೆ, ದಾವಣಗೆರೆಗೆ ನಿಗಮದ ಬಸ್ಸುಗಳು ಓಡುತ್ತವೆ. ಆದರೆ ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಒಳದಾರಿಗಳಲ್ಲಿ ತಲೆಮಾರುಗಳಿಂದ ಜನರನ್ನು ಹೊತ್ತಿರುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಕೊಪ್ಪದಲ್ಲಿ ಮುಚ್ಚಿಹೋದ ಸಾರಿಗೆ ಸಂಸ್ಥೆಯ ಕಾರ್ಮಿಕರೇ 1991ರಲ್ಲಿ ಕಟ್ಟಿ ನಿಲ್ಲಿಸಿದ ಸಹಕಾರ ಸಾರಿಗೆ, 2020ರಲ್ಲಿ ನಿಲ್ಲುವವರೆಗೂ, ಲಾಭವಿಲ್ಲದ ಹಳ್ಳಿಗಳಿಗೂ ಬಸ್ಸು ಬಿಟ್ಟು ಈ ಭಾಗದ ಬದುಕಿನ ಭಾಗವೇ ಆಗಿತ್ತು. ಅದು ನಿಂತ ಮೇಲೆ ಎಷ್ಟೋ ಊರುಗಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಸಿಕ್ಕರೆ ಪುಣ್ಯ ಎನ್ನುವ ಸ್ಥಿತಿ. ಹೀಗಿರುವಾಗ ನಿಗಮದ ಪಾಸು ನಿಗಮದ ಬಸ್ಸಿನಲ್ಲಿ ಮಾತ್ರ ನಡೆಯುತ್ತದೆ ಎನ್ನುವ ನಿಯಮದ ಅರ್ಥ ಏನಾಗುತ್ತದೆ ಎಂಬುದು ಬಸ್ ಸ್ಟ್ಯಾಂಡಿನಲ್ಲಿ ನಿಂತ ಯಾರಿಗಾದರೂ ಗೊತ್ತಾಗುತ್ತದೆ. ಪಾಸು ಕಿಸೆಯಲ್ಲಿರುತ್ತದೆ, ಟಿಕೆಟ್ಟಿನ ಹಣ ಕೈಯಲ್ಲಿರಬೇಕು.

ನಮ್ಮ ದಾರಿಯ ಕಂಡಕ್ಟರ್ ಒಬ್ಬರು ನನ್ನನ್ನು ಚೆನ್ನಾಗಿ ಬಲ್ಲರು. ಒಮ್ಮೆ ಹೊಸದಾಗಿ ಪಾಸು ಮಾಡಿಸಿಕೊಂಡ ಹುಡುಗನೊಬ್ಬ ಅದನ್ನು ಅವರಿಗೆ ತೋರಿಸಿದಾಗ ಅವರು ಬೇಸರದಿಂದಲೇ ಹೇಳಿದರು: "ಇದು ಗೌರ್ಮೆಂಟ್ ಬಸ್ಸಿಂದು ಕಣೋ ತಮ್ಮ, ನಮ್ಮಲ್ಲಿ ನಡೆಯಲ್ಲ. ನಾನು ಬಿಟ್ರೆ ಸಂಜೆ ಕಲೆಕ್ಷನ್‌ನಲ್ಲಿ ನಂಗೇ ಹಿಡಿತಾರೆ." ಅವರ ಮಾತಿನಲ್ಲಿ ತಪ್ಪಿಲ್ಲ. ಕೆಲವು ಮಾಲೀಕರು ತಾವಾಗಿ ಅಂಗವಿಕಲರಿಂದ ಅರ್ಧ ಟಿಕೆಟ್ಟು ತೆಗೆದುಕೊಳ್ಳುತ್ತಾರೆ, ಕೆಲವು ಕಂಡಕ್ಟರುಗಳು ಹಣ ಕೇಳದೆ ಮುಂದೆ ಹೋಗಿಬಿಡುತ್ತಾರೆ. ಅಂಥವರ ಋಣ ನನ್ನ ಮೇಲೂ ಇದೆ. ಆದರೆ ಅದು ಆ ದಿನದ ಆ ಮನುಷ್ಯನ ಒಳ್ಳೆಯತನ. ನಾಳೆ ಬೇರೆಯವರು ಡ್ಯೂಟಿಗೆ ಬಂದರೆ ಅದನ್ನು ಕೇಳಿ ಪಡೆಯುವ ಹಕ್ಕು ನಮಗಿಲ್ಲ. ದಾಕ್ಷಿಣ್ಯದ ಮೇಲೆ ಪ್ರಯಾಣ ಮಾಡುವವನು ಕಿಟಕಿಯ ಪಕ್ಕದ ಸೀಟು ಕೇಳುವುದಕ್ಕೂ, ಬಸ್ಸು ಪೂರ್ತಿ ನಿಂತ ಮೇಲೆ ಇಳಿಸಿ ಎನ್ನುವುದಕ್ಕೂ ಹಿಂಜರಿಯುತ್ತಾನೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಖಾಸಗಿ ಬಸ್ಸನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮ ಮನೆಯ ಅಡ್ಡದಾರಿಯ ಎದುರಿಗೇ ಕೈ ತೋರಿಸಿದರೆ ನಿಲ್ಲಿಸುವುದು ಅದೇ ಬಸ್ಸು. ಕ್ಲೀನರ್ ಹುಡುಗ ಇಳಿದು ಊರುಗೋಲನ್ನು ಇಸಿದುಕೊಳ್ಳುತ್ತಾನೆ. ನಾನು ಕ್ಯಾಲಿಪರಿನ ಮೊಣಕಾಲಿನ ಬೀಗ ಬಿಡಿಸಿ, ಎಡಗಾಲನ್ನು ಕೈಯಿಂದಲೇ ಎತ್ತಿ ಮೊದಲ ಮೆಟ್ಟಿಲ ಮೇಲಿಟ್ಟು, ಬಾಗಿಲಿನ ಕಂಬಿ ಹಿಡಿದು ಮೈಯನ್ನು ಮೇಲೆಳೆದುಕೊಳ್ಳುವವರೆಗೆ ಚಾಲಕ ಕನ್ನಡಿಯಲ್ಲಿ ನೋಡುತ್ತಾ ಕಾಯುತ್ತಾನೆ. ಮೆಟ್ಟಿಲು ನೆಲದಿಂದ ಬಹಳ ಎತ್ತರ, ಮಳೆಗಾಲದಲ್ಲಿ ಅದರ ಮೇಲೆ ಕೆಸರು. ಹಿಂದಿನ ಬಸ್ಸು ಟೈಮಿಂಗ್ಸಿಗಾಗಿ ಹಾರ್ನ್ ಹೊಡೆಯುತ್ತಿದ್ದರಂತೂ ಈ ಅರ್ಧ ನಿಮಿಷ ಎಲ್ಲರಿಗೂ ಭಾರವಾಗುತ್ತದೆ. ಬಸ್ಸುಗಳಲ್ಲಿ ಅಂಗವಿಕಲರಿಗೆ ಆದ್ಯತೆಯ ಆಸನ, ಊರುಗೋಲು ಇಡುವ ವ್ಯವಸ್ಥೆ, ಹಿಡಿಕಂಬಿ, ಗಾಲಿಕುರ್ಚಿ ಒಳಗೆ ಬರುವ ಮತ್ತು ಅದನ್ನು ಭದ್ರಪಡಿಸುವ ಸೌಕರ್ಯ ಇರಬೇಕೆಂದು ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿದ್ದು, ಅದು 2020ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ನಮ್ಮ ಘಟ್ಟದ ದಾರಿಗಳಲ್ಲಿ ಓಡುವ ಹಳೆಯ ಬಸ್ಸುಗಳಲ್ಲಿ ಗಾಲಿಕುರ್ಚಿ ಹತ್ತಿದ್ದನ್ನು ನಾನು ಕಂಡಿಲ್ಲ. ಗಾಲಿಕುರ್ಚಿಯವರನ್ನು ಎತ್ತಿಕೊಂಡು ಹತ್ತಿಸುತ್ತಾರೆ, ಕುರ್ಚಿಯನ್ನು ಮಡಚಿ ಟಾಪಿಗೆ ಕಟ್ಟುತ್ತಾರೆ.

ಇನ್ನು 100 ಕಿಲೋಮೀಟರಿನ ಮಿತಿ. ದಿನನಿತ್ಯದ ಓಡಾಟಕ್ಕೆ ಇದು ಸಾಕು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೂ ಸಾಕು. ಆದರೆ ಕಿವಿ ಕೇಳದ ಮಗುವನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಬೇಕಾದ ತಾಯಿಗೆ, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತೋರಿಸುತ್ತಿರುವ ಮಗನ ತಂದೆಗೆ ಅದು ಅರ್ಧ ದಾರಿಗೂ ಬರುವುದಿಲ್ಲ. ದೂರದ ಈ ಪ್ರಯಾಣಗಳು ವರ್ಷದಲ್ಲಿ ಕೆಲವೇ ಇರಬಹುದು, ಆದರೆ ಅಂಗವೈಕಲ್ಯ ಇರುವ ಕಾರಣಕ್ಕೇ ಮಾಡಬೇಕಾಗಿ ಬರುವ ಪ್ರಯಾಣಗಳು ಇವೇ. ಇಲ್ಲಿ ರೈಲು ಸ್ವಲ್ಪ ಕೈ ಹಿಡಿಯುತ್ತದೆ. ತಾಳಗುಪ್ಪದಿಂದ ಸಾಗರ, ಆನಂದಪುರ, ಶಿವಮೊಗ್ಗದ ಮೇಲೆ ಬೆಂಗಳೂರಿಗೂ ಮೈಸೂರಿಗೂ ರೈಲುಗಳಿವೆ. ಅಂಧರಿಗೆ, ಬುದ್ಧಿಮಾಂದ್ಯರಿಗೆ, ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ದೈಹಿಕ ಅಂಗವಿಕಲರಿಗೆ ಎರಡನೇ ದರ್ಜೆ, ಸ್ಲೀಪರ್ ಮತ್ತು ಮೂರನೇ ದರ್ಜೆಯ ಎ.ಸಿ.ಯಲ್ಲಿ ಶೇ 75ರಷ್ಟು ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಕಿವಿ ಕೇಳದ, ಮಾತು ಬಾರದವರಿಗೆ ಸ್ಲೀಪರಿನಲ್ಲಿ ಶೇ 50. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರದೂ ಸೇರಿ ಹಲವು ರಿಯಾಯಿತಿಗಳನ್ನು ರೈಲ್ವೆ ನಿಲ್ಲಿಸಿದಾಗ ಅಂಗವಿಕಲರ ಈ ನಾಲ್ಕು ವರ್ಗಗಳ ರಿಯಾಯಿತಿಯನ್ನು ಉಳಿಸಿಕೊಂಡಿತು. ಅದನ್ನು ಮೆಚ್ಚಲೇಬೇಕು.

ಜೊತೆಗಾರರ ವಿಷಯದಲ್ಲಿ ರೈಲ್ವೆಯವರ ತಿಳಿವಳಿಕೆ ಸರಿಯಾಗಿದೆ ಎಂದು ನನ್ನ ಭಾವನೆ. ನನ್ನಂತೆ ಒಬ್ಬನೇ ಓಡಾಡಬಲ್ಲವನಿಗೆ ರೈಲಿನಲ್ಲಿ ರಿಯಾಯಿತಿ ಇಲ್ಲ. ಅದರ ಬಗ್ಗೆ ನನಗೆ ಅಸಮಾಧಾನವಿಲ್ಲ. ಆದರೆ ಒಬ್ಬರೇ ಹೋಗಲಾಗದವರಿಗೆ ಇಬ್ಬರ ಖರ್ಚು ಬೀಳುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿದ್ದಾರೆ. ಬಸ್ಸಿನ 660 ರೂಪಾಯಿಯ ಪಾಸು ಅದರಲ್ಲಿ ಹೆಸರಿರುವವರಿಗೆ ಮಾತ್ರ. 2023ರ ಜೂನ್ 11ರಂದು ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಿಗಮದ ಬಸ್ಸಿನಲ್ಲಿ ಅಮ್ಮನೋ ಅಕ್ಕನೋ ಜೊತೆಗೆ ಹೋದರೆ ಅವರು ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯ ಓಡಾಟ ಪೂರ್ತಿಯಾಗಿ ಹೆಂಗಸರ ಪಾಲಿಗೆ ಬಂದಿದೆ. ಬೆಳೆದ ಮಗನನ್ನು ಎತ್ತಿ ಬಸ್ಸಿಗೆ ಹತ್ತಿಸಲು ಅರವತ್ತು ದಾಟಿದ ತಾಯಿಗೆ ಸಾಧ್ಯವೇ ಎಂದು ಯಾರೂ ಕೇಳಿಲ್ಲ. ನಮ್ಮ ಕಡೆ ನಿಗಮದ ಬಸ್ಸೇ ಅಪರೂಪವಾದ್ದರಿಂದ ಆ ಉಳಿತಾಯವೂ ಹೆಚ್ಚಿನವರಿಗೆ ಸಿಗುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಬಯಲುಸೀಮೆಯ ಊರುಗಳಂತೆ ನಮ್ಮಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಗುಡ್ಡಕ್ಕೆ ಎರಡು ಮನೆ, ಕಣಿವೆಯಲ್ಲಿ ಅಡಿಕೆ ತೋಟ, ತೋಟದ ಆಚೆ ಇನ್ನೊಂದು ಒಂಟಿಮನೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನುಗ್ಗಿ ಊರು ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಕಾಡಿನಂಚಿನಲ್ಲಿ ಸಿಕ್ಕ ಜಾಗದಲ್ಲಿ ಮನೆ ಕಟ್ಟಿಕೊಂಡರು. ಬಸ್ಸು ಬರುವ ಟಾರು ರಸ್ತೆ ಈ ಮನೆಗಳಿಂದ ಒಂದು ಮೈಲಿ, ಎರಡು ಮೈಲಿ ದೂರ. ಆ ದಾರಿಯಲ್ಲಿ ಬೇಲಿಯ ಬಾಗಿಲಿಗೆ ಅಡ್ಡ ಹಾಕಿದ ಉಣುಗೋಲು ಸರಿಸಬೇಕು, ತೋಟದ ಏರಿಯ ಮೇಲೆ ನಡೆಯಬೇಕು, ಹಳ್ಳಕ್ಕೆ ಅಡಿಕೆ ಮರ ಹಾಕಿ ಮಾಡಿದ ಸಂಕ ದಾಟಬೇಕು. ಆಗುಂಬೆ, ಹುಲಿಕಲ್ ಕಡೆ ಮಳೆಯೆಂದರೆ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು. ಜೂನ್ ಹೊತ್ತಿಗೆ ಸಂಕದ ಮೇಲೆ ಹಾವಸೆ ಕಟ್ಟುತ್ತದೆ, ಜುಲೈನಲ್ಲಿ ಕಚ್ಚಾ ರಸ್ತೆಯಲ್ಲಿ ಆಟೋ ಹೂತುಹೋಗುತ್ತದೆ. ಎರಡು ಕಾಲು ಗಟ್ಟಿಯಿರುವವರೇ ಕಂಬಳಿಕೊಪ್ಪೆ ಹೊದ್ದು ಹೆಜ್ಜೆ ಲೆಕ್ಕ ಹಾಕಿ ದಾಟುವ ಜಾಗದಲ್ಲಿ ಊರುಗೋಲಿನ ರಬ್ಬರ್ ತುದಿ ನಿಲ್ಲುವುದೇ ಇಲ್ಲ.

ಹಾಗಾಗಿ ಪ್ರಯಾಣವೆಂದರೆ ಮೊದಲು ಬಾಡಿಗೆ ಗಾಡಿ. ನಮ್ಮ ಸೊಸೈಟಿಯ ಸದಸ್ಯರೊಬ್ಬರ ಮಗಳು ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿಯಿಂದ, ಬಳಲುತ್ತಿರುವವಳು. ತಾಲೂಕು ಕೇಂದ್ರದಲ್ಲಿ ಫಿಸಿಯೋಥೆರಪಿ ಇರುವ ದಿನ ಅವಳನ್ನು ಕರೆದೊಯ್ಯಬೇಕೆಂದರೆ ಮನೆಯಂಗಳದವರೆಗೆ ಜೀಪು ಬರಬೇಕು. ಆ ಜೀಪು ಟಾರು ರಸ್ತೆಗೆ ಬಿಟ್ಟು ಹೋದರೆ ಸಂಜೆ ಮತ್ತೆ ಕರೆಯಬೇಕು, ಆದ್ದರಿಂದ ಇಡೀ ದಿನದ ಬಾಡಿಗೆಯನ್ನೇ ಮಾತಾಡಿಕೊಳ್ಳುತ್ತಾರೆ. ಒಂದು ದಿನದ ಆ ಬಾಡಿಗೆ, ನಿಗಮದ ಪಾಸಿನ ಇಡೀ ವರ್ಷದ ಶುಲ್ಕವನ್ನು ಮೀರುತ್ತದೆ. ಅವಳ ತಾಯಿ ನನ್ನ ಹತ್ತಿರ ಒಮ್ಮೆ ಹೇಳಿದರು: "ಬಸ್ಸಿನ ದುಡ್ಡು ನಮಗೆ ಭಾರ ಅಲ್ಲ ಅಣ್ಣಾ. ರಸ್ತೆಗೆ ಮುಟ್ಟೋದೇ ಭಾರ. ಅದಕ್ಕೇ ಎರಡು ಸಲ ಹೋಗೋ ಕಡೆ ಒಂದು ಸಲ ಹೋಗ್ತೀವಿ." ಅಂದರೆ ಖರ್ಚು ಉಳಿಸುವುದಕ್ಕೆ ಚಿಕಿತ್ಸೆಯನ್ನೇ ಅರ್ಧ ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಬಿಡದೆ ಮಾಡಿದರೆ ಮಾತ್ರ ಬಿಗಿದ ಸ್ನಾಯು ಸಡಿಲವಾಗುತ್ತದೆ ಎಂದು ಥೆರಪಿಯವರು ಹೇಳುತ್ತಾರೆ. ಆ ಮಗುವಿನ ಕೈ ಮತ್ತೆ ಬಿಗಿಯಾಗುತ್ತಿರುವುದಕ್ಕೆ ಕಾರಣ ಔಷಧಿಯ ಕೊರತೆಯಲ್ಲ, ಆಸ್ಪತ್ರೆಯ ಕೊರತೆಯಲ್ಲ, ಜೀಪಿನ ಬಾಡಿಗೆ.

ಶಾಲೆಗೆ ಹೋಗುವ ಅಂಗವಿಕಲ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಸಾರಿಗೆ ಭತ್ಯೆ ಮತ್ತು ಕರೆದುಕೊಂಡು ಬರುವವರಿಗೆ ಬೆಂಗಾವಲು ಭತ್ಯೆ ಇವೆ. ಮಗುವನ್ನು ಶಾಲೆಗೆ ತಲುಪಿಸುವುದಕ್ಕೂ ಒಬ್ಬರ ಶ್ರಮ ಬೇಕು ಎಂದು ಒಪ್ಪಿಕೊಂಡ ಯೋಜನೆಯಿದು. ಅದಕ್ಕಾಗಿ ನನಗೆ ಇದರ ಮೇಲೆ ವಿಶೇಷ ಪ್ರೀತಿ. ಆದರೆ ಕೂಲಿ ಬಿಟ್ಟು ಮಗುವಿನ ಜೊತೆ ನಡೆಯುವ ತಾಯಿಗೆ ಹಣ ಬೇಕಾಗಿರುವುದು ಆಯಾ ತಿಂಗಳಲ್ಲಿ. ವರ್ಷದ ಕೊನೆಯಲ್ಲಿ ಒಟ್ಟಾಗಿ ಖಾತೆಗೆ ಬಿದ್ದರೆ ಅದು ಅಷ್ಟರಲ್ಲಿ ಆದ ಸಾಲಕ್ಕೆ ಹೋಗುತ್ತದೆ.

ತೀವ್ರ ಅಂಗವೈಕಲ್ಯ ಇರುವವರಿಗೆ ಪಕ್ಕದ ಚಕ್ರಗಳನ್ನು ಜೋಡಿಸಿದ ಯಂತ್ರಚಾಲಿತ ದ್ವಿಚಕ್ರ ವಾಹನವನ್ನು ಅಂಗವಿಕಲರ ಕಲ್ಯಾಣ ಇಲಾಖೆ ಕೊಡುತ್ತದೆ, ಶಾಸಕರ ಮತ್ತು ಸಂಸದರ ಅನುದಾನದಿಂದಲೂ ಹಂಚುತ್ತಾರೆ. ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ ಆ ವಾಹನದಿಂದ ಬದುಕು ಕಟ್ಟಿಕೊಂಡವರನ್ನು ಬಲ್ಲೆ. ಲಾಟರಿ ಟಿಕೆಟ್ಟು ಮಾರುತ್ತಿದ್ದವರು ಈಗ ಊರೂರಿಗೆ ಹೋಗಿ ಬಟ್ಟೆ ವ್ಯಾಪಾರ ಮಾಡುತ್ತಾರೆ. ನಮ್ಮ ಏರು ದಾರಿಯಲ್ಲಿ, ಕಲ್ಲೆದ್ದ ಮಣ್ಣಿನ ರಸ್ತೆಯಲ್ಲಿ, ಪಕ್ಕದ ಚಕ್ರವೊಂದು ಗುಂಡಿಗೆ ಇಳಿದರೆ ಗಾಡಿ ವಾಲುತ್ತದೆ. ಮಳೆಗಾಲದಲ್ಲಿ ಅದು ಕೊಟ್ಟಿಗೆಯಲ್ಲೇ ನಿಂತಿರುತ್ತದೆ. ಗಾಡಿ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಓಡುವ ಹಾದಿಯೂ ಬೇಕು.

ಕಾನೂನಿನಲ್ಲಿ ಇದಕ್ಕೆಲ್ಲ ಜಾಗವಿಲ್ಲವೇ ಎಂದು ನೋಡಿದರೆ, ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 41ನೇ ಕಲಂ ಬಸ್ ನಿಲ್ದಾಣ, ರೈಲು ನಿಲ್ದಾಣ, ರಸ್ತೆಗಳು ಎಲ್ಲವೂ ಬಳಸಲು ಅನುಕೂಲವಾಗಿರಬೇಕು ಎನ್ನುವುದರ ಜೊತೆಗೆ, ಅಂಗವಿಕಲರ ವೈಯಕ್ತಿಕ ಓಡಾಟವನ್ನು ಕೈಗೆಟಕುವ ಖರ್ಚಿನಲ್ಲಿ ಸಾಧ್ಯವಾಗಿಸಲು ಸರ್ಕಾರ ಯೋಜನೆ ರೂಪಿಸಬೇಕು ಎಂದು ಹೇಳುತ್ತದೆ. ಪ್ರೋತ್ಸಾಹಧನ, ರಿಯಾಯಿತಿ, ವಾಹನಗಳ ಮಾರ್ಪಾಟು, ಓಡಾಟಕ್ಕೆ ನೆರವು ಎಲ್ಲವೂ ಆ ಕಲಮಿನಲ್ಲಿ ಬರುತ್ತವೆ. ಸರ್ಕಾರಿ ನಿಗಮದ ಬಸ್ಸಿನಲ್ಲಿ ಮಾತ್ರ ಎಂದು ಅಲ್ಲಿ ಎಲ್ಲಿಯೂ ಇಲ್ಲ. ಮೋಟಾರು ವಾಹನ ಅಧಿನಿಯಮ 1988ರ 67ನೇ ಕಲಮಿನ ಪ್ರಕಾರ ಖಾಸಗಿ ಬಸ್ಸುಗಳ ಪ್ರಯಾಣದರ ಕುರಿತು ಸಾರಿಗೆ ಪ್ರಾಧಿಕಾರಗಳಿಗೆ ನಿರ್ದೇಶನ ಕೊಡುವ ಅಧಿಕಾರವೂ ರಾಜ್ಯ ಸರ್ಕಾರಕ್ಕೇ ಇದೆ.

ಹಾಗೆಂದು ನಷ್ಟವನ್ನು ಬಸ್ ಮಾಲೀಕರ ತಲೆಗೆ ಕಟ್ಟಬೇಕೆಂಬ ಪಕ್ಷ ನನ್ನದಲ್ಲ. ಡೀಸೆಲ್ ದರ, ತೆರಿಗೆ, ಬಿಡಿಭಾಗಗಳ ಖರ್ಚಿನ ನಡುವೆ ನಮ್ಮ ಕಡೆಯ ಎಷ್ಟೋ ಮಾಲೀಕರು ಒಂದೆರಡು ಬಸ್ಸಿನ ಮೇಲೆ ಸಂಸಾರ ನಡೆಸುವವರು. ಇಂಗ್ಲೆಂಡಿನಲ್ಲಿ ಲಂಡನ್ನಿನ ಹೊರಗೆ 1986ರಿಂದ ಬಸ್ಸುಗಳು ಬಹುಪಾಲು ಖಾಸಗಿಯವರ ಕೈಯಲ್ಲಿವೆ. ಆದರೂ 2008ರ ಏಪ್ರಿಲ್ 1ರಿಂದ ಅಲ್ಲಿನ ಅಂಗವಿಕಲರು ಮತ್ತು ವೃದ್ಧರು ಒಂದೇ ಪಾಸಿನಲ್ಲಿ ದೇಶದ ಯಾವುದೇ ಸ್ಥಳೀಯ ಬಸ್ಸನ್ನು, ವಾರದ ದಿನಗಳ ಬೆಳಗಿನ ದಟ್ಟಣೆಯ ಹೊತ್ತು ಕಳೆದ ಮೇಲೆ, ಉಚಿತವಾಗಿ ಹತ್ತಬಹುದು. ಬಸ್ಸು ಯಾವ ಕಂಪನಿಯದು ಎಂದು ಪ್ರಯಾಣಿಕ ನೋಡಬೇಕಾಗಿಲ್ಲ. ಕಂಪನಿಗೆ ಆಗುವ ನಷ್ಟವನ್ನು ಸ್ಥಳೀಯ ಆಡಳಿತ ತುಂಬಿಕೊಡುತ್ತದೆ. ಈ ವ್ಯವಸ್ಥೆಯಿಂದ ಬಸ್ಸಿನವರಿಗೆ ಲಾಭವೂ ಆಗಬಾರದು, ನಷ್ಟವೂ ಆಗಬಾರದು ಎಂಬುದೇ ಅದರ ತತ್ವ.

ನಮ್ಮಲ್ಲಿ ಇದು ಆಗದ ಕೆಲಸ ಎನ್ನುವವರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟನ್ನು ತೋರಿಸುತ್ತೇನೆ. ಹೆಣ್ಣುಮಗಳೊಬ್ಬಳು ಹತ್ತಿದಾಗ ಕಂಡಕ್ಟರ್ ಯಂತ್ರದಿಂದ ಶೂನ್ಯ ದರದ ಟಿಕೆಟ್ಟು ಹರಿದು ಕೊಡುತ್ತಾರೆ, ಆ ಪ್ರಯಾಣದ ನಿಜವಾದ ದರ ಲೆಕ್ಕಕ್ಕೆ ಸೇರುತ್ತದೆ, ಸರ್ಕಾರ ಅದನ್ನು ನಿಗಮಕ್ಕೆ ಭರಿಸುತ್ತದೆ. ಈಗ ಖಾಸಗಿ ಬಸ್ಸಿನ ಕಂಡಕ್ಟರುಗಳ ಕೈಯಲ್ಲೂ ಟಿಕೆಟ್ ಯಂತ್ರಗಳಿವೆ. ಅಂಗವಿಕಲರಿಗೆ ವಿಶಿಷ್ಟ ಗುರುತಿನ ಚೀಟಿ ಇದೆ, ಅದಕ್ಕೊಂದು ಸಂಖ್ಯೆ ಇದೆ. ಆ ಸಂಖ್ಯೆಯನ್ನು ಯಂತ್ರದಲ್ಲಿ ದಾಖಲಿಸಿ ರಿಯಾಯಿತಿ ಟಿಕೆಟ್ಟು ಕೊಟ್ಟು, ಉಳಿದ ಹಣವನ್ನು ತಿಂಗಳಿಗೊಮ್ಮೆ ಮಾಲೀಕರ ಖಾತೆಗೆ ಹಾಕುವುದು ಮಾಡಲಾಗದ ಕೆಲಸವೇನಲ್ಲ. ಸುಳ್ಳು ಲೆಕ್ಕ ಬರೆಯುವವರು ಇರುತ್ತಾರೆ ಎಂಬ ಆಕ್ಷೇಪ ಸರಿಯಾದದ್ದೇ, ಅದಕ್ಕೆ ತಪಾಸಣೆ ಬೇಕು. ಮೊದಲು ಶಿವಮೊಗ್ಗ, ಚಿಕ್ಕಮಗಳೂರಿನಂಥ, ಖಾಸಗಿ ಬಸ್ಸನ್ನೇ ನಂಬಿರುವ ಜಿಲ್ಲೆಗಳಲ್ಲಿ ಮಾಡಿ ನೋಡಲಿ. 2011ರ ಜನಗಣತಿಯಂತೆ ಇಡೀ ರಾಜ್ಯದಲ್ಲಿ ಅಂಗವಿಕಲರ ಸಂಖ್ಯೆ 13.24 ಲಕ್ಷ, ಅವರಲ್ಲಿ ದಿನವೂ ಬಸ್ಸು ಹತ್ತುವವರು ಅದರ ಒಂದು ಪಾಲು ಮಾತ್ರ. ಮಹಿಳೆಯರೆಲ್ಲರ ಪ್ರಯಾಣವನ್ನು ಭರಿಸಬಲ್ಲ ಸರ್ಕಾರಕ್ಕೆ ಇದು ಹೊರಲಾಗದ ಹೊರೆಯಲ್ಲ.

ಮನೆಯಿಂದ ರಸ್ತೆಯವರೆಗಿನ ಖರ್ಚಿಗೆ ಮಾತ್ರ ಬೆಂಗಳೂರಿನಿಂದ ಯೋಜನೆ ಬರಲಿ ಎಂದು ಕಾಯುವುದು ನನಗೆ ಸರಿಕಾಣುವುದಿಲ್ಲ. ಯಾರ ಮನೆಯ ಎದುರು ಸಂಕವಿದೆ, ಯಾರ ದಾರಿಯಲ್ಲಿ ಧರೆ ಕುಸಿದಿದೆ ಎಂಬುದು ಬೆಂಗಳೂರಿಗೆ ಗೊತ್ತಾಗುವುದಿಲ್ಲ, ಪಂಚಾಯಿತಿಗೆ ಗೊತ್ತಿರುತ್ತದೆ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಹೆಚ್ಚಿನ ಕಡೆ ಅದು ವರ್ಷದ ಕೊನೆಗೆ ಒಬ್ಬೊಬ್ಬರಿಗೆ ಸ್ವಲ್ಪ ಸ್ವಲ್ಪವೆಂದು ಹಂಚಿಹೋಗುತ್ತದೆ, ಇಲ್ಲವೇ ಯಾರಿಗೂ ಸರಿಹೊಂದದ ಸಲಕರಣೆಯಾಗಿ ಬರುತ್ತದೆ. ಅದೇ ಹಣದಲ್ಲಿ ಚಿಕಿತ್ಸೆಯ ದಿನಗಳಿಗೆ ಊರಿನ ಒಂದು ಜೀಪನ್ನು ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡಿ, ದಾರಿಯಲ್ಲಿರುವ ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯಬಹುದು. ಪ್ರತಿ ಪಂಚಾಯಿತಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾರಿಗೆ ಯಾವ ದಿನ ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ಅವರಲ್ಲಿ ಸಿಗುತ್ತದೆ. ಹಣ ಉಳಿದರೆ ಸಂಕಗಳಿಗೆ ಎರಡೂ ಕಡೆ ಹಿಡಿಕಂಬಿ ಹಾಕಿಸಬಹುದು.

ನಮ್ಮ ಪಂಚಾಯಿತಿಯ ಅಂಗವಿಕಲರ ವಿಶೇಷ ಗ್ರಾಮಸಭೆಗೆ ಈ ಎರಡನ್ನೂ ಬರೆದು ಅರ್ಜಿ ಕೊಟ್ಟಿದ್ದೇವೆ. ನನ್ನ ಜೊತೆ ಸಹಿ ಹಾಕಿದವರಲ್ಲಿ ಆ ಹುಡುಗಿಯ ತಾಯಿಯೂ ಇದ್ದಾರೆ, ಕಣ್ಣು ಕಾಣದ ಒಬ್ಬ ಹಿರಿಯರು ಹೆಬ್ಬೆಟ್ಟು ಒತ್ತಿದ್ದಾರೆ, ಜೀಪು ಓಡಿಸುವವರೂ ತಿಂಗಳ ಬಾಡಿಗೆಗೆ ಒಪ್ಪಿ ದರ ಬರೆದುಕೊಟ್ಟಿದ್ದಾರೆ. ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಇದಕ್ಕೆ ಖರ್ಚಿನ ಶೀರ್ಷಿಕೆ ಇಲ್ಲ ಎಂಬ ಉತ್ತರ ಮೊದಲು ಬಂತು. 41ನೇ ಕಲಮಿನ ಪ್ರತಿಯನ್ನು ಲಗತ್ತಿಸಿ ಮತ್ತೆ ಕೊಟ್ಟಿದ್ದೇವೆ.